ರೊಕ್ಕ ಕೊಟ್ಟ ಮೇಲೆ ಹಾರದ ಕಾಗೆ

ಕಾಯುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಹಾಲು ಉಕ್ಕುವ ತನಕ ಒಲೆಯ ಮುಂದೆ ನಿಲ್ಲಲಾರೆ. ಹೀಗಾಗಿ ನಮ್ಮ ಮನೆಯ ಗ್ಯಾಸ್ ಒಲೆಗೆ ಆಗಾಗ ಹಾಲಿನ ಅಭಿಷೇಕ ಆಗುತ್ತಲೇ ಇರುತ್ತದೆ. ಮೂಡಲಗಿ ಬಸ್‌ಸ್ಟ್ಯಾಂಡಿನಲ್ಲಿ ಗೋಕಾಕದ ಬಸ್ಸು ಇನ್ನೂ ತಿರುಗಿ ನಿಲ್ಲುವಷ್ಟರಲ್ಲಿ ನಾನು ಅದರ ಬಾಗಿಲಿಗೆ ಕೈ ಹಾಕಿರುತ್ತೇನೆ. "ಅಕ್ಕಾರ, ಬಸ್ ಎಲ್ಲೂ ಓಡಿ ಹೋಗಂಗಿಲ್ರಿ," ಎಂದು ಕಂಡಕ್ಟರ್ ದಿನಾ ನಗುತ್ತಾನೆ. ಓಡಿ ಹೋಗುವುದಕ್ಕೇ ಅಲ್ಲವೇ ಬಸ್ಸು ಇರುವುದು?

ಗೋಕಾಕದ ಕೋರ್ಟಿನ ಎದುರು ಒಬ್ಬ ವಕೀಲರ ಕಚೇರಿಯಲ್ಲಿ ನಾನು ಟೈಪಿಂಗ್ ಕೆಲಸ ಮಾಡುತ್ತೇನೆ. ದೇವರಿಗೂ ಚೇಷ್ಟೆ ಬುದ್ಧಿ ಇದೆ ಅನ್ನುವುದಕ್ಕೆ ಇದೇ ಸಾಕ್ಷಿ. ಕಾಯಲಾರದವಳನ್ನು ತಂದು, ಇಡೀ ತಾಲೂಕು ಮುಂದಿನ ತಾರೀಖಿಗೆ ಕಾಯುತ್ತಾ ಕೂರುವ ಜಾಗದಲ್ಲಿ ಕೂರಿಸಿದ್ದಾನೆ. ಬೆಂಚಿನ ಮೇಲೆ ಕೂತ ಕಕ್ಷಿದಾರರನ್ನು ಕಂಡರೆ ನನಗೆ ಮೈಯೆಲ್ಲ ಇರುವೆ ಹರಿದಂತಾಗುತ್ತದೆ. ಅವರೋ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಎಲೆ ಅಡಿಕೆ ಹಾಕಿಕೊಂಡು, ಆರಾಮಾಗಿ ಗೋಡೆಗೆ ಒರಗಿರುತ್ತಾರೆ.

ನನ್ನ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಆ ಬೆಂಚಿನ ಮಂದಿಯ ಪೈಕಿ. ನಮ್ಮ ಜೊತೆಗೇ ಮೂಡಲಗಿಯ ಮನೆಯಲ್ಲಿ ಇದ್ದಾರೆ. ಶೇಂಗಾ ಸುಲಿಯಲು ಕೂತರೆಂದರೆ ಚೀಲ ಖಾಲಿಯಾದಾಗಲೇ ಏಳುವುದು. ಮಾವ ಇದ್ದಾಗ ಅವರು ಹೊಲದಿಂದ, ಇಲ್ಲವೇ ಬೆಲ್ಲದ ಪೇಟೆಯಿಂದ ಬರುವ ತನಕ ಅತ್ತೆ ಒಂದು ತುತ್ತೂ ಬಾಯಿಗೆ ಇಡುತ್ತಿರಲಿಲ್ಲ. "ನೀವು ಉಣ್ರಿ, ಅವರು ಬಂದಾಗ ಬರ್ತಾರ," ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ಮಾವನ ಚಪ್ಪಲಿಯ ಸದ್ದು ಅಂಗಳದಲ್ಲಿ ಕೇಳಿದ ಕೂಡಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಲ್ಲುವರು. ಮದುವೆಯಾಗಿ ಮೊಮ್ಮಗಳನ್ನು ಕಂಡವರು, ಹೊಸ ಮದುವಣಗಿತ್ತಿಯ ಹಾಗೆ. ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಮಾವನಿಗೆ ಮೊಮ್ಮಗಳ ಲೆಕ್ಕದ್ದೇ ಚಿಂತೆ. ನನ್ನ ಮಗಳು ಆಗ ಮೂರನೇ ತರಗತಿ. ಕನ್ನಡ ಓದುತ್ತಾಳೆ, ಹಾಡುತ್ತಾಳೆ, ಮಾತಿಗೆ ಮಾತು ಜೋಡಿಸುತ್ತಾಳೆ. ಮಗ್ಗಿ ಅಂದರೆ ಮಾತ್ರ ಬಾಯಿಗೆ ಬೀಗ. ಸಂಜೆ ಮಾವ ಕಟ್ಟೆಯ ಮೇಲೆ ಕೂತು, "ಏಳ ಎಂಟ್ಲೆ ಎಷ್ಟವ್ವಾ?" ಎಂದರೆ ಸಾಕು, ಹುಡುಗಿ ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿತ್ತು. "ಪ್ಯಾಟ್ಯಾಗ ಯಾರರ ಮೋಸ ಮಾಡಿದ್ರ ತಿಳಿಬೇಕಲ್ಲ ಆಕಿಗೆ," ಎಂದು ಮುದುಕ ಬಾಗಿಲ ಹೊರಗೆ ನಿಂತು ಗೊಣಗುವರು. ಆ ಏಳು ಎಂಟಲೆಯ ಉತ್ತರ ಕೇಳದೆಯೇ ಒಂದು ಚಳಿಗಾಲದಲ್ಲಿ ತೀರಿಕೊಂಡರು.

ನಮ್ಮಲ್ಲಿ ಸತ್ತವರಿಗೆ ಮೂರನೇ ದಿನ ಎಡೆ ಇಡುತ್ತಾರೆ. ಅವರಿಗೆ ಸೇರುತ್ತಿದ್ದ ಅಡಿಗೆಯನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಎಲ್ಲರೂ ದೂರ ಸರಿದು ನಿಲ್ಲಬೇಕು. ಕಾಗೆ ಬಂದು ಮುಟ್ಟಿದರೆ ಸತ್ತವರ ಜೀವ ತೃಪ್ತಿಯಾಯಿತು ಅಂತ ಅರ್ಥ. ಮುಟ್ಟದಿದ್ದರೆ ಅವರಿಗೆ ಏನೋ ಆಸೆ ಉಳಿದಿದೆ. ಅದು ಏನಿರಬಹುದೆಂದು ಊಹಿಸಿ, ನಾವು ನಡೆಸಿಕೊಡುತ್ತೇವೆ ಎಂದು ಗಟ್ಟಿಯಾಗಿ ಮಾತು ಕೊಡಬೇಕು. ಸರಿಯಾದ ಮಾತು ಬಿದ್ದರೆ ಕಾಗೆ ಇಳಿಯುತ್ತದೆ. ಕಾಗೆ ಮುಟ್ಟುವ ತನಕ ಮನೆಯವರು ಉಣ್ಣುವ ಹಾಗಿಲ್ಲ.

ಅವತ್ತು ನಮ್ಮ ಹೊಲದ ಬೇವಿನ ಮರದ ತುಂಬ ಕಾಗೆ. ಒಂದೂ ಕೆಳಗೆ ಇಳಿಯಲಿಲ್ಲ. ನನ್ನ ಗಂಡ ಮುಂದೆ ಹೋಗಿ, "ಬಾವಿ ಹೂಳ ತಗಸ್ತೇನಪ್ಪಾ," ಅಂದರು. ಇಲ್ಲ. ಮಾವನ ತಮ್ಮ, "ಬದುವಿನ ತಂಟೆ ಬಿಟ್ಟೆ ಅಣ್ಣಾ," ಎಂದು ಕಣ್ಣೀರು ಹಾಕಿದರು. ಇಲ್ಲ. ಎಡೆಯಲ್ಲಿ ಚಹಾ ಇಟ್ಟಿಲ್ಲವೆಂದು ಯಾರಿಗೋ ನೆನಪಾಗಿ ಚಹಾ ತರಿಸಿದರು. ಅದೂ ಆರಿ ಕೆನೆಗಟ್ಟಿತು. ಬಿಸಿಲು ನೆತ್ತಿಗೇರಿ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. "ಎಲ್ಲೋ ಮದವಿ ಊಟ ಉಂಡ ಬಂದಿರಬೇಕು ಇವು," ಎಂದು ಗಂಡನ ಕಿವಿಯಲ್ಲಿ ಹೇಳಿ ಬೈಸಿಕೊಂಡೆ.

ಆಗ ಅತ್ತೆ ಎದ್ದರು. ಎಲೆಯ ಹತ್ತಿರ ಹೋಗಿ, ಸೆರಗು ಎಳೆದುಕೊಂಡು, ಮರದ ಕಡೆಗೆ ನೋಡದೆ ನೆಲ ನೋಡುತ್ತಾ ಹೇಳಿದರು: "ಹುಡಿಗೀ ಲೆಕ್ಕಾ ನಾ ನೋಡ್ಕೋತೇನ್ರಿ. ಆಕಿ ಕಲಿಯೂತನಕ ಬಿಡಂಗಿಲ್ಲ. ಬರ್ರಿ ಇನ್ನ, ಬಂದು ಉಣ್ರಿ."

ಒಂದು ಕಾಗೆ ಇಳಿಯಿತು. ಸೀದಾ ಬಂದು ಹೋಳಿಗೆಗೆ ಕೊಕ್ಕು ಹಾಕಿತು.

ಎಲ್ಲರೂ ಕೈಮುಗಿದರು. ನಾನೂ ಮುಗಿದೆ; ಆದರೆ ತಲೆಯಲ್ಲಿ ಹುಳ ಕೊರೆಯತೊಡಗಿತ್ತು. ಅತ್ತೆಗೆ ಅಕ್ಷರ ಗೊತ್ತಿಲ್ಲ. ಬೆರಳಿನ ಗೆಣ್ಣು ಎಣಿಸಿ ಸಂತೆ ಮಾಡುವವರು. ಅವರು ಹುಡುಗಿಗೆ ಲೆಕ್ಕ ಹೇಗೆ ನೋಡಿಕೊಳ್ಳುತ್ತಾರೆ? ಅವರಿಗೂ ತಿಳಿದಿರಲಿಲ್ಲ ಅಂತ ಕಾಣುತ್ತದೆ. ಹುಡುಗಿ ಬರೆಯಲು ಕೂತಾಗ ಬಾಜೂ ಕೂತು ಗಾಳಿ ಬೀಸುವರು. "ಲೆಕ್ಕ ಆತೇನವ್ವಾ?" ಎಂದು ಕೇಳುವರು. "ಆತು ಆಯಿ," ಎಂದು ಹುಡುಗಿ ಸುಳ್ಳು ಹೇಳುವಳು. ಅಜ್ಜಿಯನ್ನು ಅವಳು ಆಯಿ ಅನ್ನುತ್ತಾಳೆ. ಸುಳ್ಳು ಎಂದು ಆಯಿಗೂ ಗೊತ್ತಾಗಿ, ರಾತ್ರಿ ಉಣ್ಣುವಾಗ ತುತ್ತುತುತ್ತಿಗೂ ನೀರು ಕುಡಿಯುವರು. ಕೊಟ್ಟ ಮಾತು ನಡೆಸಲು ದಾರಿ ಕಾಣದೆ ಅವರು ಒಳಗೊಳಗೇ ಬೇಯುತ್ತಿದ್ದರು.

ದಾರಿ ಬಂದದ್ದು ಮೊಬೈಲಿನಲ್ಲಿ.

ಶಾಲೆಯ ಬಾಯಾರು, ಅಂದರೆ ಹುಡುಗಿಯ ಟೀಚರು, ಪಾಲಕರ ಸಭೆಯಲ್ಲಿ ಒಂದು ಆಟದ ಬಗ್ಗೆ ಹೇಳಿದರು. ನೀರಡಿಸಿದ ಕಾಗೆ, ಹೂಜಿ, ಕಲ್ಲು. ನಾವೆಲ್ಲ ಓದಿದ್ದ ಅದೇ ಕಥೆ. ಪರದೆಯ ಮೇಲೆ ಒಂದು ಲೆಕ್ಕ ಬರುತ್ತದೆ, ಉತ್ತರ ಸರಿಯಿದ್ದರೆ ಕಾಗೆ ಒಂದು ಕಲ್ಲು ಹೂಜಿಗೆ ಹಾಕುತ್ತದೆ, ನೀರು ಮೇಲೇರುತ್ತದೆ. ಉತ್ತರ ತಪ್ಪಿದರೆ ಕಾಗೆ ಪುರ್‍ರೆಂದು ಹಾರಿ ಹೋಗುತ್ತದೆ. ಅದು ತಿರುಗಿ ಬರಬೇಕಾದರೆ ಒಂದು ಜಾಹೀರಾತನ್ನು ಪೂರ್ತಿ ನೋಡಬೇಕು. ಅರ್ಧ ನಿಮಿಷ. "ಪುಕ್ಕಟೆ ಐತ್ರಿ, ಹಾಕ್ಕೊಡ್ರಿ," ಅಂದರು ಬಾಯಾರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪಗೂ ಇರಲಿ ಅನ್ನುವ ಪೈಕಿ ನಾವು. ಮನೆಯಲ್ಲಿದ್ದ ನನ್ನ ಹಳೆ ಫೋನಿಗೆ ಅಂದೇ ಹಾಕಿದೆ.

ಹುಡುಗಿಗೆ ಆಟ ಹಿಡಿಸಿತು. ನನಗೆ ಹಿಡಿಸಲಿಲ್ಲ. ಅವಳು ತಪ್ಪುವುದು ಹೆಚ್ಚು, ಕಾಗೆ ಹಾರುವುದು ಹೆಚ್ಚು, ಜಾಹೀರಾತು ಅದಕ್ಕಿಂತ ಹೆಚ್ಚು. ತಲೆಗೆ ಹಚ್ಚುವ ಎಣ್ಣೆ, ಸಿಮೆಂಟು, ಸೀರೆ, ಇನ್ನೊಂದು ಆಟ. ಅರ್ಧ ನಿಮಿಷ ಅಂದರೆ ಎಷ್ಟು ಉದ್ದ ಎಂದು ನನಗೆ ಆಗ ತಿಳಿಯಿತು. ಮೊದಲ ಸಂಜೆಯೇ ಫೋನನ್ನು ಹಾಸಿಗೆಯ ಮೇಲೆ ಎಸೆದು, "ಸುಟ್ಟಿತು ನಿನ್ನ ಕಾಗಿ," ಎಂದು ಅಡಿಗೆಮನೆಗೆ ಹೋದೆ. ಹುಡುಗಿಯೂ ನನ್ನದೇ ರಕ್ತ. ಅವಳೂ ಕಾಯಲಾರಳು. ಕಾಗೆ ಹಾರಿದ ಕೂಡಲೇ ಫೋನನ್ನು ಕಟ್ಟೆಯ ಮೇಲಿಟ್ಟು ಅಂಗಳಕ್ಕೆ ಓಡಿಬಿಡುವಳು.

ಫೋನಿನ ಪಕ್ಕದಲ್ಲಿ ಇದ್ದವರು ಅತ್ತೆ. ಎಣ್ಣೆ ಹಚ್ಚಿದ ಜಡೆ ಬೀಸುತ್ತಾ ಒಬ್ಬ ಹುಡುಗಿ ಅವರ ಕಡೆಗೇ ನೋಡಿ ಮಾತಾಡುತ್ತಿದ್ದಳಲ್ಲ, ಮಾತಾಡುವವರ ಎದುರಿಂದ ಎದ್ದು ಹೋಗುವುದು ಹೇಗೆ? ಅತ್ತೆ ಪೂರ್ತಿ ಕೇಳಿದರು. ಮುಗಿದ ಮೇಲೆ ಕಾಗೆ ತಾನಾಗಿ ಹಾರಿ ಬಂದು ಹೂಜಿಯ ಕಂಠದ ಮೇಲೆ ಕೂತಿತು.

"ಏ ಅವ್ವೀ! ಬಂತ ಬಾ! ಕಾಗಿ ಹೊಳ್ಳಿ ಬಂತು!"

ಆವತ್ತಿನಿಂದ ಅದು ಅತ್ತೆಯ ಕಾಯಕವಾಯಿತು. ಲೆಕ್ಕ ಹುಡುಗಿಯದು, ಜಾಹೀರಾತು ಆಯಿಯದು. ಕಾಗೆ ಹಾರಿದ ಕೂಡಲೇ ಹುಡುಗಿ, "ಆಯಿ, ಹಾರಿ ಹೋತು!" ಎಂದು ಫೋನು ದಾಟಿಸುವಳು. ಅತ್ತೆ ಎರಡೂ ಕೈಯಲ್ಲಿ ಹಿಡಿದು, ನೆಟ್ಟಗೆ ಕೂತು ನೋಡುವರು. ಬದಿಗೆ ಇಟ್ಟರೂ ಅದು ತಾನೇ ಓಡುತ್ತದೆ, ನೋಡಲೇಬೇಕು ಅಂತಿಲ್ಲ ಎಂದು ನಾನು ಹೇಳಿದೆ. "ಅವರದು ಉಂಡ ಮ್ಯಾಲ ಅವರ ಮಾತು ಕೇಳೂದು ರೀತಿ," ಅಂದರು. ಜಾಹೀರಾತಿನವರಿಗೆಲ್ಲ ಅವರು ಆ ಮಂದಿ ಅನ್ನುತ್ತಿದ್ದರು. ಸಿಮೆಂಟಿನವನ ಮನೆ ದಿನಾ ಕಟ್ಟಿದರೂ ಮುಗಿಯದಿರುವುದಕ್ಕೆ ಮರುಗುವರು. ಎಣ್ಣೆಯ ಹುಡುಗಿಗೆ, "ಎಷ್ಟ್ ಚಂದ ಅದಾಳ, ದೃಷ್ಟಿ ತಗೀಬೇಕು ಇಕೀದು," ಅನ್ನುವರು.

ಕಾಗೆ ತಿರುಗಿ ಬರುವಾಗ ಮಾತ್ರ ಏನೂ ಅನ್ನುತ್ತಿರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವರು, ಆಮೇಲೆ ಹುಡುಗಿಯನ್ನು ಕೂಗುವರು. ಅದು ಹಳೆಯ ರೂಢಿ ಎಂದುಕೊಂಡು ನಾನು ಅದರ ಬಗ್ಗೆ ವಿಚಾರ ಮಾಡಲಿಲ್ಲ. ನನಗೆ ಬೇಕಾದದ್ದು ಹುಡುಗಿಯ ಲೆಕ್ಕ. ಅದು ನಿಧಾನಕ್ಕೆ, ಬಹಳ ನಿಧಾನಕ್ಕೆ, ಬರತೊಡಗಿತ್ತು. ಅತ್ತೆಯ ಮುಖದಲ್ಲೂ ಕಳೆ ಬಂತು. ಊಟವಾದ ಮೇಲೆ ಗೋಡೆಯ ಮೇಲಿನ ಮಾವನ ಫೋಟೋಕ್ಕೆ, "ಇವತ್ತ ಬಾಳ ಸಲ ಹೊಳ್ಳಿ ಕರದೆ ನೋಡ್ರಿ," ಎಂದು ವರದಿ ಒಪ್ಪಿಸುತ್ತಿದ್ದರು.

ದೀಪಾವಳಿಗೆ ಹುಕ್ಕೇರಿಯ ತವರಿಗೆ ಹೋದೆ. ಅಲ್ಲಿ ನನ್ನ ಅಣ್ಣನ ಮಗಳು, ನನ್ನ ಮಗಳ ಓರಗೆಯವಳು, ಅದೇ ಆಟ ಆಡುತ್ತಿದ್ದಳು. ಆದರೆ ಅವಳ ಕಾಗೆ ಹಾರಲೇ ಇಲ್ಲ. ತಪ್ಪಿದರೆ ಒಮ್ಮೆ ಕಾ ಎಂದು ತಲೆ ಅಲ್ಲಾಡಿಸಿ ಅಲ್ಲೇ ಕೂರುತ್ತದೆ. ಮುಂದಿನ ಲೆಕ್ಕ, ಮುಂದಿನ ಲೆಕ್ಕ, ಸರಸರ. ನಮ್ಮಲ್ಲಿ ಬೀಗದ ಚಿತ್ರ ತೋರಿಸುವ ಭಾಗಾಕಾರ, ಭಿನ್ನರಾಶಿ ಎಲ್ಲ ಅವಳಲ್ಲಿ ತೆರೆದಿದ್ದವು.

"ನಾವು ವರ್ಷದ ರೊಕ್ಕ ಕೊಟ್ಟೇವಿ," ಅಂದರು ಅಣ್ಣನ ಹೆಂಡತಿ, ನನ್ನ ವೈನಿ, ಕರ್ಚಿಕಾಯಿ ಮಡಚುತ್ತಾ. "ಪುಕ್ಕಟೆದರಾಗ ಮಗ್ಗೀತನಕ ಅಷ್ಟ. ಮುಂದ ಬೇಕಂದ್ರ ಬಿಚ್ಚಬೇಕಲ್ಲ ಕೈ."

ಕೈ ಬಿಚ್ಚಬೇಕಲ್ಲ ಅನ್ನುವುದನ್ನು ವೈನಿ ಸಹಜವಾಗಿಯೇ ಅಂದಿರಬಹುದು. ನನಗೆ ಚುಚ್ಚಿತು. ನನ್ನ ಮಗಳು ಹಿಂದೆ ನಿಂತು ಬಾಯಿ ತೆರೆದು ನೋಡುತ್ತಿದ್ದಳು. "ಅವ್ವ, ಭಾಗಾಕಾರದಾಗ ಮರಿ ಕಾಗಿ ಅದಾವ," ಅಂದಳು. ಮನೆಯಲ್ಲಿ ಮಗ್ಗಿಗೆ ಹೆದರಿ ಬಚ್ಚಲು ಸೇರುತ್ತಿದ್ದ ಹುಡುಗಿ ಭಾಗಾಕಾರ ಕೇಳುತ್ತಿದ್ದಾಳೆ! ಘಟಪ್ರಭಾದಲ್ಲಿ ಬಸ್ಸು ಬದಲಿಸುವಾಗಲೂ ನನಗೆ ಅದೇ ಚಡಪಡಿಕೆ. ಮೊದಲು ಪುಕ್ಕಟೆ ಅಂದು ರುಚಿ ಹತ್ತಿಸಿ, ಆಮೇಲೆ ಬಾಗಿಲು ಹಾಕಿಕೊಳ್ಳುವವರ ಮೇಲೆ ಸಿಟ್ಟು ಬಂತು. ಸಂತೆಯಲ್ಲಿ ಪೇರಲ ಮಾರುವವಳೂ ಒಂದು ಹೋಳು ಕೊಯ್ದು ಕೊಟ್ಟು ರುಚಿ ತೋರಿಸುತ್ತಾಳೆ, ಅದರಲ್ಲೇನು ತಪ್ಪು ಎಂದೂ ಅನ್ನಿಸಿತು. ಆದರೆ ಪೇರಲ ಕೊಳ್ಳದಿದ್ದರೆ ಹುಡುಗಿ ಹಿಂದೆ ಬೀಳುವುದಿಲ್ಲವಲ್ಲ. ಯಾರ ಮನೆಯಲ್ಲಿ ರೊಕ್ಕ ಇದೆಯೋ ಅವರ ಮಕ್ಕಳಿಗೆ ಭಾಗಾಕಾರ; ಇಲ್ಲದವರಿಗೆ ಸಿಮೆಂಟು, ಎಣ್ಣೆ. ಇದು ಎಲ್ಲಿಯ ನ್ಯಾಯ?

ನ್ಯಾಯದ ಮಾತು ನಾನು ದಿನಾ ಟೈಪು ಮಾಡುತ್ತೇನೆ, ಅದರಿಂದ ಬೀಗ ಬಿಚ್ಚುವುದಿಲ್ಲ. ಹಬ್ಬ ಮುಗಿದ ಮೇಲೆ ಗೋಕಾಕದ ಕಚೇರಿಯಲ್ಲಿ ಬುತ್ತಿ ತೆರೆಯುವ ಮೊದಲು ರೊಕ್ಕ ಕಟ್ಟಿಬಿಟ್ಟೆ. ಒಂದು ಸಾಧಾರಣ ಸೀರೆಯ ಬೆಲೆ. ಅದಕ್ಕೆ ನಾನು ಇವತ್ತಿಗೂ ಪಶ್ಚಾತ್ತಾಪ ಪಡುವವಳಲ್ಲ, ಮೊದಲೇ ಹೇಳಿಬಿಡುತ್ತೇನೆ.

ಆ ಸಂಜೆ ಹುಡುಗಿ ಕಟ್ಟೆಯ ಮೇಲೆ ಕೂತಳು, ಅತ್ತೆ ಪಕ್ಕದಲ್ಲಿ ಕೂತರು. ತಪ್ಪಾಯಿತು. ಕಾಗೆ ಕಾ ಅಂದು ಕೂತೇ ಇತ್ತು. ಅತ್ತೆ ಚಾಚಿದ ಕೈ ಹಾಗೇ ಇತ್ತು. ಮತ್ತೆ ತಪ್ಪಾಯಿತು. ಮತ್ತೆ ಕೂತೇ ಇತ್ತು.

"ಆ ಮಂದಿ ಯಾಕ ಬರಲಿಲ್ಲ?"

"ಇನ್ನ ಬರಂಗಿಲ್ರಿ ಅತ್ತಿ. ರೊಕ್ಕ ಕೊಟ್ಟೇವಿ," ಅಂದೆ, ಜಂಬದಿಂದಲೇ. "ಈಗ ಕಾಗಿ ಹಾರಂಗಿಲ್ಲ. ನಿಮಗೂ ಆರಾಮ."

ಅತ್ತೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. "ಹಾರಲಾರದ್ದು ಎಂಥಾ ಕಾಗಿ ಅದು?" ಎಂದು ತಮ್ಮಷ್ಟಕ್ಕೇ ಅಂದು ಎದ್ದು ಒಳಗೆ ಹೋದರು.

ಹುಡುಗಿ ಮಾತ್ರ ಕುದುರೆ ಏರಿದಳು. ಮಗ್ಗಿ ದಾಟಿದಳು, ಭಾಗಾಕಾರಕ್ಕೆ ನುಗ್ಗಿದಳು. ಬಚ್ಚಲಲ್ಲಿ ನೀರು ಹಾಕಿಕೊಳ್ಳುತ್ತಾ ಏಳರ ಮಗ್ಗಿ, ಎಂಟರ ಮಗ್ಗಿ ಹಾಡುವಳು. ಮಗ್ಗಿಗೆ ಹೆದರಿ ಯಾವ ಬಚ್ಚಲಿಗೆ ಓಡುತ್ತಿದ್ದಳೋ ಅದೇ ಬಚ್ಚಲು. ನನಗೆ ಆನಂದ. ಕಟ್ಟೆಯ ಮೇಲೆ ಅವಳು ಒಬ್ಬಳೇ ಕೂರುತ್ತಿದ್ದಳು ಅನ್ನುವುದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

ಮನಸ್ಸಿಗೆ ಬಿದ್ದದ್ದು ಬೆಳಗಿನ ಹೊತ್ತು. ಅತ್ತೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ರೊಟ್ಟಿ ತಿಂದು ಗುಳಿಗೆ ತೆಗೆದುಕೊಳ್ಳಬೇಕು. ನಾನು ಬಸ್ಸಿಗೆ ಹೊರಡುವ ಮೊದಲು ಅದನ್ನು ನೋಡಿಯೇ ಹೊರಡುವುದು ರೂಢಿ. ಒಂದು ದಿನ ನೋಡಿದರೆ ತಟ್ಟೆ ಹಾಗೇ ಇದೆ. ಅತ್ತೆ ಕಂಪೌಂಡಿನ ಮೇಲೆ ಒಂದು ಚೂರು ರೊಟ್ಟಿ ಇಟ್ಟು, ಹೊಸ್ತಿಲಲ್ಲಿ ಕೂತಿದ್ದಾರೆ.

"ಉಣ್ರಿ ಅತ್ತಿ, ನನಗ ಹೊತ್ತಾತು."

"ಕಾಗಿ ಮುಟ್ಟಲಿ. ಆಮ್ಯಾಲ ಉಣ್ತೇನಿ."

ನಮ್ಮ ಓಣಿಯಲ್ಲಿ ಕಾಗೆ ಬರುವುದು ಅಪರೂಪ. ಗುಬ್ಬಿ ಬಂದು ರೊಟ್ಟಿ ಕುಕ್ಕಿತು, ಅಳಿಲು ಬಂತು, ಅವು ಲೆಕ್ಕಕ್ಕಿಲ್ಲ. ನನಗೆ ಬಸ್ಸು ತಪ್ಪಿತು. ಮರುದಿನವೂ ಅದೇ. ಅದರ ಮರುದಿನವೂ. ಯಾವುದೋ ದಿನ ದೂರದಲ್ಲಿ ಒಂದು ಕಾಗೆ ತಂತಿಯ ಮೇಲೆ ಕೂತು ನೋಡಿ ಹಾರಿಹೋದರೆ, ಮಧ್ಯಾಹ್ನದ ತನಕ ಅತ್ತೆಗೆ ಉಪವಾಸ. ನಾನು ಕೂಗಾಡಿದೆ.

"ಹುಡಿಗಿ ಲೆಕ್ಕಾ ಕಲೀಲಿ ಅಂತಲ್ರಿ ನೀವು ಮಾತು ಕೊಟ್ಟಿದ್ದು? ಕಲಿಯಾಕತ್ತಾಳ. ರೊಕ್ಕಾ ಸುರದೇನಿ. ಮತ್ತೇನ್ ಬೇಕು ನಿಮಗ?"

"ರೊಕ್ಕಾ ನೀ ಕೊಟ್ಟಿ," ಅಂದರು ಅತ್ತೆ, ದನಿ ಏರಿಸದೆ. "ಮಾತು ನಾ ಕೊಟ್ಟಿದ್ದೆ."

ಬ್ಯಾಗು ಎತ್ತಿಕೊಂಡು ಹೊರಟೆ. ಬಸ್‌ಸ್ಟ್ಯಾಂಡಿನ ಚಹಾದ ಹೋಟೆಲಿನ ಹಿಂದೆ ನೋಡಿದರೆ ಕಾಗೆಗಳ ಸಂತೆ! ಒಡೆದ ಬಜಿಗೆ ಜಗಳಾಡುತ್ತಿದ್ದವು. "ಎರಡು ಹೆಜ್ಜಿ ಬರಾಕ ಏನ್ ರೋಗ ನಿಮಗ?" ಎಂದು ಗಟ್ಟಿಯಾಗಿಯೇ ಕೇಳಿದೆ. ಕಂಡಕ್ಟರ್ ನನ್ನನ್ನು ವಿಚಿತ್ರವಾಗಿ ನೋಡಿದ. ಬುತ್ತಿಯ ರೊಟ್ಟಿ ಮುರಿದು ತೋರಿಸುತ್ತಾ, ಅವು ಬೆನ್ನು ಹತ್ತಿ ಬಂದಾವೇನೋ ಎಂದು ಮನೆಯ ಕಡೆಗೆ ನಾಲ್ಕು ಹೆಜ್ಜೆ ನಡೆದೆ ಕೂಡ. ಇದನ್ನು ನನ್ನ ಗಂಡನಿಗೆ ಇಂದಿಗೂ ಹೇಳಿಲ್ಲ.

ಮುಂದಿನ ವಾರ ಅತ್ತೆ ಕಂಪೌಂಡಿಗೆ ರೊಟ್ಟಿ ಇಟ್ಟು ತಿರುಗುವಾಗ ಕಣ್ಣು ಕತ್ತಲೆ ಬಂದು ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದರು. ಬಾಯಿಗೆ ಬೆಲ್ಲ ಹಾಕಿ, ಗಾಡಿ ಮಾಡಿಕೊಂಡು ಘಟಪ್ರಭಾದ ದವಾಖಾನೆಗೆ ಓಡಿದೆವು. ಡಾಕ್ಟರು ನನ್ನನ್ನೇ ಗದರಿಸಿದರು: "ಮುಂಜಾನಿ ಹೊತ್ತಿಗೆ ಸರಿಯಾಗಿ ಉಣಸ್ರಿ ಅವರಿಗೆ. ಹಿಂಗ ಆದ್ರ ಜೀವಕ್ಕ ಅಪಾಯ ಐತಿ." ಹೊರಗೆ ಬಂದು ನನ್ನ ಗಂಡ, "ಆ ರೊಕ್ಕದ ಆಟ ತಗದ ಒಗಿ," ಅಂದರು. ಆ ಹಾಳು ಆಟವನ್ನು ತೆಗೆದರೆ ಹುಡುಗಿಯ ಭಾಗಾಕಾರ ಹೋಗುತ್ತದೆ, ಇಟ್ಟರೆ ಮುದುಕಿಯ ಜೀವ. ಇದಕ್ಕೆ ಯಾವ ಕೋರ್ಟಿಗೆ ಹೋಗಲಿ? ಹೆದರಿಕೆಯಲ್ಲಿ ನನಗೆ ಅಳು ಬಂತು, ಅತ್ತೆ ಕಂಡಾರೆಂದು ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡೆ.

ಕೊನೆಗೆ ಒಂದು ಉಪಾಯ ಹೊಳೆಯಿತು. ರೊಕ್ಕದ ಆಟ ಹಳೆ ಫೋನಿನಲ್ಲಿ ಇರಲಿ. ನನ್ನ ಕೈಫೋನಿನಲ್ಲಿ ಪುಕ್ಕಟೆಯದನ್ನು ಬೇರೆ ಹಾಕಿಕೊಂಡೆ. ಅದೇ ಹೂಜಿ, ಅದೇ ಕಾಗೆ, ಅದೇ ಸಿಮೆಂಟು. ಸಂಜೆ ಹುಡುಗಿಯ ಕೈಗೆ ಕೊಟ್ಟು, "ಆಯಿ ಕೂಡ ಕುಂತು ಆಡು," ಅಂದೆ. ಅತ್ತೆಯನ್ನು ಕರೆದು ಪಕ್ಕದಲ್ಲಿ ಕೂರಿಸಿದೆ. ಅವರ ಕಣ್ಣು ಅರಳಿದ್ದು ಕಂಡು ಗೆದ್ದೆ ಅಂದುಕೊಂಡೆ.

ಹುಡುಗಿ ಟಪಟಪನೆ ಒತ್ತುತ್ತಾ ಹೋದಳು. ಕಲ್ಲು ಬೀಳುತ್ತಲೇ ಹೋಯಿತು, ನೀರು ಏರುತ್ತಲೇ ಹೋಯಿತು. ಒಂದು ಹೂಜಿ ತುಂಬಿತು, ಇನ್ನೊಂದು ತುಂಬಿತು. "ಅವ್ವ, ಇವು ಸಣ್ಣ ಹುಡುಗೂರ ಲೆಕ್ಕ. ನನಗ ಎಲ್ಲಾ ಬರ್ತಾವ," ಅಂದಳು. ಕಾಗೆ ಹಾರಲೇ ಇಲ್ಲ. ಅತ್ತೆ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದರು, ಹಿಡಿದುಕೊಂಡೇ ಎದ್ದರು.

ತಪ್ಪು ಮಾಡು ಎಂದು ಹೇಳೋಣವೆಂದರೆ ಯಾವ ಬಾಯಿಂದ ಹೇಳುವುದು? ತಪ್ಪಿದ್ದಕ್ಕೆ ಕಿವಿ ಹಿಂಡಿದವಳೇ ನಾನು. ಆ ರಾತ್ರಿ ಹಾಸಿಗೆಯಲ್ಲಿ ಹೊರಳಾಡಿದೆ, ಅಷ್ಟೇ.

ಬೆಳಿಗ್ಗೆ ಅತ್ತೆಯ ರೊಟ್ಟಿಯ ಚೂರು ಮತ್ತೆ ಕಂಪೌಂಡಿನ ಮೇಲೆ, ತಟ್ಟೆ ಅವರ ಮುಂದೆ, ಗುಳಿಗೆ ತಟ್ಟೆಯ ಅಂಚಿನಲ್ಲಿ. ನಾನು ಸೀರೆ ಉಟ್ಟು, ಬ್ಯಾಗು ಹೆಗಲಿಗೇರಿಸಿ, ಮಾಳಿಗೆ ಹತ್ತಿ ಕಾಗೆ ಹುಡುಕುತ್ತಿದ್ದೆ. ಈ ಕಡೆ ನೀರಿನ ಟಾಕಿ, ಆ ಕಡೆ ಟವರು, ತಂತಿಯ ಮೇಲೆ ಒಂದು ಪಾರಿವಾಳ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, "ಕಾ, ಕಾ," ಎಂದು ಕರೆದೂ ನೋಡಿದೆ. ಬಸ್ಸಿನ ಹೊತ್ತು ಮೀರುತ್ತಿತ್ತು. "ಮಾವಾ," ಅಂದೆ ಆಕಾಶಕ್ಕೆ, "ಬರೂದಿದ್ರ ಲಗೂ ಬರ್ರಿ. ಅತ್ತಿ ಸಾಯ್ತಾರ."

ಆಗ ಕೆಳಗಿನಿಂದ ಕೇಳಿತು: "ಆಯಿ! ಕಾಗಿ ಹಾರಿ ಹೋತು!"

ದಡದಡ ಇಳಿದೆ. ಹುಡುಗಿ ಶಾಲೆಯ ಸಮವಸ್ತ್ರದಲ್ಲಿ, ಒಂದೇ ಜಡೆ ಹೆಣೆದುಕೊಂಡು, ಇನ್ನೊಂದು ಬಿಚ್ಚಿಕೊಂಡೇ, ಆಯಿಯ ಎದುರು ಕೂತಿದ್ದಾಳೆ. ನನ್ನ ಫೋನು ಅವಳ ಕೈಯಲ್ಲಿದೆ. ಪರದೆಯ ಮೇಲೆ ಏಳು ಗುಣಿಸು ಎಂಟು. ಕೆಳಗೆ ಅವಳು ಒತ್ತಿದ ಉತ್ತರ ಐವತ್ನಾಲ್ಕು, ಕೆಂಪಗೆ. ದಿನಾ ಬಚ್ಚಲಲ್ಲಿ ಹಾಡುವ ಏಳು ಎಂಟಲೆ! ರೂಢಿಬಲದಿಂದ ನನ್ನ ಕೈ ಅವಳ ಕಿವಿಯ ಕಡೆಗೆ ಹೋಯಿತು. ಅವಳು ನನ್ನ ಕಡೆಗೆ ನೋಡಿ, ಬರೇ ಕಣ್ಣಿನಿಂದ, ಬೇಡ ಅಂದಳು.

ಅವಳು ಫೋನು ದಾಟಿಸಿದಳು, ಅತ್ತೆ ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತರು. ಸಿಮೆಂಟಿನವನು ಗೋಡೆ ಕಟ್ಟುತ್ತಿದ್ದ. ಮುಗಿಯಿತು. ಕಾಗೆ ರೆಕ್ಕೆ ಬಡಿಯುತ್ತಾ ಬಂದು ಹೂಜಿಯ ಕಂಠದ ಮೇಲೆ ಕೂತಿತು. ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಬಂತ ನೋಡ್ ಆಯಿ. ಇನ್ನ ಉಣ್ಣು," ಅಂದಳು ಹುಡುಗಿ.

ಅತ್ತೆ ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟರು.

ಹುಡುಗಿಯ ಇನ್ನೊಂದು ಜಡೆ ಹೆಣೆದು, ಚಪ್ಪಲಿ ಹಾಕಿಸಿ, ಶಾಲೆಗೆ ಕಳಿಸಿದೆ. ಹೊರಡುವ ಮುಂಚೆ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿ, ಅಪ್ಪಿಕೊಂಡೆ. "ಬಿಡ ಅವ್ವ, ಹೊತ್ತಾತು," ಎಂದು ಕೊಸರಿಕೊಂಡು ಓಡಿದಳು. ನನ್ನದೇ ರಕ್ತ.

ಒಳಗೆ ಬಂದು ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತೆ. ಗುಳಿಗೆ ನುಂಗಿ ನೀರು ಕುಡಿಯುತ್ತಿದ್ದರು. ಅವರನ್ನು ಮೋಸದಲ್ಲಿ ಇಡುವುದು ಸರಿಯಲ್ಲ ಅನ್ನಿಸಿತು. ಅವರು ಕೊಟ್ಟ ಮಾತು ನಡೆದಿದೆ, ಹುಡುಗಿ ಕಲಿತಿದ್ದಾಳೆ. ಇದನ್ನು ಹೇಳಿದರೆ ಮುದುಕಿಗೆ ನೆಮ್ಮದಿಯಾದೀತು, ನಾಳೆಯಿಂದ ಕಾಗೆಗೆ ಕಾಯುವುದೂ ತಪ್ಪೀತು.

"ಅತ್ತಿ," ಅಂದೆ, "ಆಕಿಗೆ ಏಳ ಎಂಟ್ಲೆ—"

"ಬರ್ತೈತಿ," ಅಂದರು. "ಗೊತ್ತೈತಿ ನನಗ. ದಿನಾ ಬಚ್ಚಲದಾಗ ಅಂತಾಳಲ್ಲ, ನಾ ಹೊರಗ ನಿಂತು ಕೇಳೇನಿ."

"ಮತ್ತ?"

ಅತ್ತೆ ಗೋಡೆಯ ಮೇಲಿನ ಮಾವನ ಫೋಟೋದ ಕಡೆಗೊಮ್ಮೆ ನೋಡಿ ನನ್ನ ಹತ್ತಿರಕ್ಕೆ ಬಾಗಿದರು.

"ಸಣ್ಣಗ ಮಾತಾಡು. ಹುಡಿಗಿ ಕಲತಳು ಅಂತ ತಿಳದ್ರ ಮಾತು ಮುಗದಂಗ ಆತಲ್ಲ. ಮತ್ತ ಅವರು ಯಾಕ ಬರ್ತಾರ?"

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ನನ್ನದೇ ಬಸ್ಸು. ಬ್ಯಾಗು ಹೆಗಲ ಮೇಲೇ ಇತ್ತು.

ಅದನ್ನು ಇಳಿಸಿ ಪಕ್ಕಕ್ಕೆ ಇಟ್ಟು, ಅತ್ತೆಯ ಬಾಜೂ ಗೋಡೆಗೆ ಒರಗಿ ಕೂತೆ. ಫೋನಿನಲ್ಲಿ ಇನ್ನೊಂದು ಲೆಕ್ಕ ಬಂದಿತ್ತು, ಆರು ಗುಣಿಸು ಒಂಬತ್ತು. ಕಾಗೆ ಕಲ್ಲು ಕಚ್ಚಿಕೊಂಡು ಉತ್ತರದ ದಾರಿ ನೋಡುತ್ತಿತ್ತು. ನಾನು ಐವತ್ತೈದು ಒತ್ತಿದೆ.

"ಹಾರಿ ಹೋತ್ರಿ ಅತ್ತಿ," ಅಂದೆ.

ಅವರು ಸೆರಗು ಸರಿಮಾಡಿಕೊಂಡು ಫೋನು ತೆಗೆದುಕೊಂಡರು. ನಾವಿಬ್ಬರೂ ಕಾಯುತ್ತಾ ಕೂತೆವು.